ಎಂಬಿಎಯಲ್ಲಿ ಎಚ್‌ಆರ್ ಓದುವುದು ಹೇಗೆ? ಒಂದು ಕೆಲಸವನ್ನು ಹಿಡಿದು ಎಲ್ಲ ಪೇಪರ್ ಓದಿ

ಎಚ್‌ಆರ್ (ಮಾನವ ಸಂಪನ್ಮೂಲ) ಸ್ಪೆಷಲೈಸೇಷನ್ ಯಾಕೆ ತಗೊಂಡಿರಿ ಎಂದು ಕೇಳಿದರೆ ಬಹಳ ಜನ ಹೇಳುವುದು ಒಂದೇ ಉತ್ತರ: "ನನಗೆ ಜನರ ಜೊತೆ ಬೆರೆಯೋದು ಇಷ್ಟ." ಇಷ್ಟ ಇರಲಿ, ಒಳ್ಳೆಯದೇ. ಆದರೆ ಎರಡು ವರ್ಷದ ಓದಿಗೆ ಅದೊಂದೇ ಸಾಲದು. ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಬಡ್ತಿ ಕೊಡಬೇಕು, ಯಾರ ಸಂಬಳ ಎಷ್ಟು, ಯಾರನ್ನು ತೆಗೆಯಬೇಕು ಎಂಬ ತೀರ್ಮಾನಗಳು ಎಚ್‌ಆರ್ ಟೇಬಲ್ ಮೇಲೆ ಬರುತ್ತವೆ. ಅವುಗಳ ಪರಿಣಾಮ ಹೊರುವವರು ಬೇರೆಯವರು. ಹಾಗಾಗಿ ಈ ವಿಷಯವನ್ನು ಗಟ್ಟಿಯಾಗಿ ಓದಬೇಕು ಎಂಬುದು ನನ್ನ ಆಸೆ.

ಎಂಬಿಎಗೆ ಸೇರುವ ಮುಂಚೆ ನಾನು ಒಂದು ಆಸ್ಪತ್ರೆಯ ಪೇರೋಲ್ ವಿಭಾಗದಲ್ಲಿದ್ದೆ. ಈಗ ಸಂಬಳದ ಶ್ರೇಣಿಗಳನ್ನು ರೂಪಿಸುವುದು ನನ್ನ ಕೆಲಸ. ಜೊತೆಗೆ ಎಚ್‌ಆರ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿಕೊಡುತ್ತೇನೆ. ಅವರೆಲ್ಲರಿಗೂ ನಾನು ಮೊದಲು ಹೇಳುವ ಮಾತು ಇದು: ಮೊದಲನೇ ಸೆಮಿಸ್ಟರ್‌ನಲ್ಲೇ ಒಂದು ನಿಜವಾದ ಕೆಲಸವನ್ನು ಆರಿಸಿಕೊಳ್ಳಿ. ಕೋರ್ಸ್ ಮುಗಿಯುವವರೆಗೂ ಪ್ರತಿ ಪೇಪರನ್ನೂ ಆ ಕೆಲಸದ ಮೇಲೆ ಇಟ್ಟು ನೋಡಿ. ನೇಮಕಾತಿ ಪಾಠ ಬಂದಾಗ ಆ ಕೆಲಸಕ್ಕೆ ಜನರನ್ನು ಹೇಗೆ ಆರಿಸುವುದು? ಅಪ್ರೈಸಲ್ ಬಂದಾಗ ಆ ಕೆಲಸವನ್ನು ಹೇಗೆ ಅಳೆಯುವುದು? ಕಾನೂನು ಬಂದಾಗ ಆ ಕೆಲಸದವರಿಗೆ ಯಾವ ರಕ್ಷಣೆ ಇದೆ? ಹೀಗೆ.

ಯಾವ ಕೆಲಸ ಆರಿಸಬೇಕು

ಮ್ಯಾನೇಜರ್ ಹುದ್ದೆ ಬೇಡ. ಜಾಸ್ತಿ ಜನ ಮಾಡುವ, ಕಣ್ಣಿಗೆ ಕಾಣುವ, ಮಾಡುವವರ ಜೊತೆ ನೀವು ನೇರವಾಗಿ ಮಾತಾಡಬಹುದಾದ ಕೆಲಸ ಬೇಕು. ಗೋದಾಮಿನಲ್ಲಿ ಸಾಮಾನು ಜೋಡಿಸುವವರು, ಕಾಲ್ ಸೆಂಟರಿನವರು, ಬ್ಯಾಂಕಿನ ಕ್ಯಾಷಿಯರ್, ಬಸ್ ಚಾಲಕರು, ಯಾರಾದರೂ ಆಗಬಹುದು. ನಾನು ಆರಿಸಿದ್ದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಕ್ಲರ್ಕ್ ಕೆಲಸ. ಅದರ ಬಗ್ಗೆ ನನಗೆ ಮುಂಚೆಯೇ ಗೊತ್ತು ಅಂದುಕೊಂಡು ಕುಳಿತಿದ್ದರೆ ಏನೂ ಕಲಿಯುತ್ತಿರಲಿಲ್ಲ. ಹುದ್ದೆಯ ವಿವರದಲ್ಲಿ ಇದ್ದದ್ದು ಇಷ್ಟೇ: ಕಂಪ್ಯೂಟರ್ ಜ್ಞಾನ, ಲೆಕ್ಕ, ವಿನಯ. ಕೌಂಟರಿನ ಹಿಂದೆ ಒಂದು ಪಾಳಿ ಕುಳಿತು ನೋಡಿದರೆ ಬೇರೆಯೇ ಕೆಲಸ ಕಾಣುತ್ತದೆ. ನಿದ್ದೆಗೆಟ್ಟ ಸಂಬಂಧಿಕರಿಗೆ ದೊಡ್ಡ ಮೊತ್ತ ಹೇಳಬೇಕು. ವಿಮೆಯ ಒಪ್ಪಿಗೆ ಯಾಕೆ ಇನ್ನೂ ಬಂದಿಲ್ಲ ಎಂದು ವಿವರಿಸಬೇಕು. ವಾರ್ಡಿನಿಂದ ಬಂದ ಚೀಟಿಗೂ ಕಂಪ್ಯೂಟರಿನಲ್ಲಿ ಇರುವುದಕ್ಕೂ ತಾಳೆ ಆಗದಿದ್ದರೆ ಹಿಡಿಯಬೇಕು. ಪಾಳಿ ಮುಗಿಯುವಾಗ ಕೈಯಲ್ಲಿರುವ ನಗದು ಲೆಕ್ಕಕ್ಕೆ ತಾಳೆ ಆಗಬೇಕು.

ಇದೇ ಜಾಬ್ ಅನಾಲಿಸಿಸ್, ಅಂದರೆ ಒಂದು ಕೆಲಸದಲ್ಲಿ ನಿಜವಾಗಿ ಏನೇನು ಇದೆ ಎಂದು ಬಿಡಿಸಿ ನೋಡುವುದು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ, ಆಮೇಲೆ ಎಲ್ಲರೂ ಮರೆಯುವ ಪಾಠ. ನನ್ನ ಮಟ್ಟಿಗೆ ಇಡೀ ಎಚ್‌ಆರ್‌ನ ಬುನಾದಿ ಇದೇ. ಇದು ಸರಿಯಿಲ್ಲದಿದ್ದರೆ ಮೇಲೆ ಕಟ್ಟುವ ಇಂಟರ್‌ವ್ಯೂ, ಟ್ರೈನಿಂಗ್, ಸಂಬಳ ಎಲ್ಲವೂ ಊಹೆ ಆಗಿಬಿಡುತ್ತದೆ.

ಮಾಡುವ ವಿಧಾನ ಹೇಳುತ್ತೇನೆ. ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲಿ "ಕ್ರಿಟಿಕಲ್ ಇನ್ಸಿಡೆಂಟ್" ವಿಧಾನವನ್ನು ಪ್ರಕಟಿಸಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಪೈಲಟ್‌ಗಳನ್ನು ಆರಿಸುವ ಕೆಲಸದಿಂದ ಹುಟ್ಟಿದ ವಿಧಾನ ಅದು. "ನಿಮ್ಮ ಕೆಲಸ ಏನು?" ಎಂದು ಕೇಳಬೇಡಿ. "ಈ ಕೆಲಸವನ್ನು ಯಾರೋ ತುಂಬಾ ಚೆನ್ನಾಗಿ ಮಾಡಿದ ಒಂದು ಸಂದರ್ಭ ಹೇಳಿ" ಎಂದು ಕೇಳಿ. ಆಮೇಲೆ ಕೆಟ್ಟದಾಗಿ ಹೋದ ಒಂದು ಸಂದರ್ಭ. ಪ್ರತಿ ಸಲ ಮೂರು ವಿಷಯ ಬರೆದುಕೊಳ್ಳಿ: ಮೊದಲು ಏನು ನಡೆದಿತ್ತು, ಆ ವ್ಯಕ್ತಿ ನಿಜವಾಗಿ ಏನು ಮಾಡಿದರು, ಅದರಿಂದ ಏನಾಯಿತು. "ಅವರು ತುಂಬಾ ಜವಾಬ್ದಾರಿ ಇರೋರು" ಎಂದರೆ ಬಿಡಬೇಡಿ, "ಏನು ಮಾಡಿದರು?" ಎಂದು ಮತ್ತೆ ಕೇಳಿ. ನನಗೆ ಒಬ್ಬ ಹಿರಿಯ ಕ್ಲರ್ಕ್ ಹೇಳಿದ್ದು: ಒಳ್ಳೆಯ ಕ್ಲರ್ಕ್ ಮೊತ್ತ ಹೇಳುವ ಮುಂಚೆ ಬಿಲ್ಲಿನ ಭಾಗಗಳನ್ನು ತೋರಿಸುತ್ತಾರೆ, ಕೊನೆಯಲ್ಲಿ ಒಟ್ಟು ಹೇಳುತ್ತಾರೆ. ಯಾವ ಹುದ್ದೆ ವಿವರದಲ್ಲೂ ಈ ಮಾತು ಇರಲಿಲ್ಲ. ಆದರೆ ಆಯ್ಕೆಗೂ ತರಬೇತಿಗೂ ಬೇಕಾದ ಮಾಹಿತಿ ಇದೇ ಅಲ್ವಾ?

ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಎಂಬ ಉಚಿತ ದತ್ತಾಂಶ ಕೋಶದಲ್ಲಿ ನೂರಾರು ಉದ್ಯೋಗಗಳ ವಿವರ ಇದೆ. ನೀವು ಮಾತಾಡಿ ಬರೆದುಕೊಂಡ ಮೇಲೆ ಅದನ್ನು ತೆರೆದು ಹೋಲಿಸಿ. ಮೊದಲೇ ತೆರೆದರೆ ನಿಮ್ಮ ಕಣ್ಣು ಅದರಲ್ಲಿ ಇರುವುದನ್ನೇ ಹುಡುಕುತ್ತದೆ.

ಆಯ್ಕೆ ಮತ್ತು ಇಂಟರ್‌ವ್ಯೂ

ಈ ಪಾಠಕ್ಕೆ ಸಮಯ ಕೊಡಿ. ಎಚ್‌ಆರ್‌ನಲ್ಲಿ ಗಟ್ಟಿ ಸಂಶೋಧನೆ ಇರುವ ಜಾಗಗಳಲ್ಲಿ ಇದು ಮುಖ್ಯವಾದದ್ದು. 1998ರಲ್ಲಿ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ, ಯಾವ ಆಯ್ಕೆ ವಿಧಾನ ಮುಂದಿನ ಕೆಲಸವನ್ನು ಎಷ್ಟು ಚೆನ್ನಾಗಿ ಊಹಿಸುತ್ತದೆ ಎಂದು ತೋರಿಸಿದರು. ಬುದ್ಧಿಮತ್ತೆ ಪರೀಕ್ಷೆಗೆ 0.51 ಎಂಬ ಅಂಕಿ ಬಂತು (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸರಿಯಾದ ಊಹೆ). ಎಷ್ಟೋ ಪಠ್ಯಗಳಲ್ಲಿ ಇಂದಿಗೂ ಅದೇ ಇದೆ. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕದಲ್ಲಿ ಮಾಡುತ್ತಿದ್ದ ತಿದ್ದುಪಡಿಗಳು ಅತಿಯಾಗಿವೆ ಎಂದು ತೋರಿಸಿದರು. ಹೊಸ ಲೆಕ್ಕದಲ್ಲಿ ಬುದ್ಧಿಮತ್ತೆ ಪರೀಕ್ಷೆ 0.31ಕ್ಕೆ ಇಳಿಯಿತು. ಎಲ್ಲಕ್ಕಿಂತ ಮೇಲೆ ಬಂದದ್ದು ವ್ಯವಸ್ಥಿತ ಇಂಟರ್‌ವ್ಯೂ, 0.42. ಈ ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ಓದಿ. ಪಠ್ಯದಲ್ಲಿ ಅಚ್ಚಾದ ಅಂಕಿ ಕೂಡ ಬದಲಾಗುತ್ತದೆ, ಯಾಕೆ ಬದಲಾಗುತ್ತದೆ ಎಂದು ಅದರಿಂದ ತಿಳಿಯುತ್ತದೆ.

0.42 ಎಂದರೆ ಎಷ್ಟು ಎಂಬುದನ್ನೂ ಅರ್ಥ ಮಾಡಿಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿದರೆ ಸುಮಾರು 0.18. ಅಂದರೆ ಜನರ ಕೆಲಸದ ಗುಣಮಟ್ಟದಲ್ಲಿ ಕಾಣುವ ವ್ಯತ್ಯಾಸದ ಶೇ. 18ರಷ್ಟನ್ನು ಮಾತ್ರ ನಮ್ಮ ಅತ್ಯುತ್ತಮ ಸಾಧನ ವಿವರಿಸುತ್ತದೆ. ಉಳಿದದ್ದು ತರಬೇತಿ, ಮೇಲಧಿಕಾರಿ, ತಂಡ, ಆರೋಗ್ಯ, ಅದೃಷ್ಟ. ಒಬ್ಬ ಅಭ್ಯರ್ಥಿಗೆ "ನೀವು ಈ ಕೆಲಸಕ್ಕೆ ಆಗಲ್ಲ" ಎಂದು ಖಡಾಖಂಡಿತವಾಗಿ ಹೇಳುವ ಮುಂಚೆ ಈ ಅಂಕಿ ನಮ್ಮ ತಲೆಯಲ್ಲಿ ಇರಬೇಕು.

ವ್ಯವಸ್ಥಿತ ಇಂಟರ್‌ವ್ಯೂ ಎಂದರೆ ಎಲ್ಲರಿಗೂ ಅದೇ ಪ್ರಶ್ನೆಗಳು, ಅದೇ ಕ್ರಮ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿರಬೇಕು. ಇಂಟರ್‌ವ್ಯೂ ಮಾಡುವವರು ತಮ್ಮ ತಮ್ಮಲ್ಲಿ ಮಾತಾಡುವ ಮುಂಚೆ ಬೇರೆ ಬೇರೆಯಾಗಿ ಅಂಕ ಹಾಕಬೇಕು. ಈಗ ನಿಮ್ಮ ಕೆಲಸಕ್ಕೆ ಆರು ಪ್ರಶ್ನೆ ಬರೆಯಿರಿ. ನನ್ನದರಲ್ಲಿ ಒಂದು: "ರೋಗಿಯ ಮಗ ಬಿಲ್ಲು ತಪ್ಪು ಎಂದು ಜೋರು ಮಾಡುತ್ತಿದ್ದಾರೆ. ಹಿಂದೆ ಎಂಟು ಜನ ಸಾಲಲ್ಲಿದ್ದಾರೆ. ವಾರ್ಡಿನ ಫೋನ್ ಯಾರೂ ಎತ್ತುತ್ತಿಲ್ಲ. ಏನು ಮಾಡುತ್ತೀರಿ?" ಇದಕ್ಕೆ ಒಂದು ಅಂಕದ ಉತ್ತರ, ಮೂರು ಅಂಕದ ಉತ್ತರ, ಐದು ಅಂಕದ ಉತ್ತರ ಏನೆಂದು ಬರೆಯಲು ಕುಳಿತರೆ ನೀವು ಮಾಡಿದ ಜಾಬ್ ಅನಾಲಿಸಿಸ್ ಎಷ್ಟು ಆಳವಾಗಿದೆ ಎಂದು ಗೊತ್ತಾಗುತ್ತದೆ. ಇಬ್ಬರು ಸಹಪಾಠಿಗಳ ಕೈಗೆ ಅಂಕದ ಹಾಳೆ ಕೊಟ್ಟು ಮೂರನೆಯವರನ್ನು ಅಭ್ಯರ್ಥಿಯಾಗಿ ಕೂರಿಸಿ. ಇಬ್ಬರ ಅಂಕ ದೂರ ದೂರ ಬಂದರೆ ಹಾಳೆಯನ್ನು ತಿದ್ದಿ.

ಇಲ್ಲೇ ನ್ಯಾಯದ ಲೆಕ್ಕವನ್ನೂ ಕಲಿಯಿರಿ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಿಗ್ಸ್ ಮತ್ತು ಡ್ಯೂಕ್ ಪವರ್ ಪ್ರಕರಣದಲ್ಲಿ ಒಂದು ದೊಡ್ಡ ಮಾತು ಹೇಳಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಅರ್ಹತೆ ಒಂದು ಗುಂಪನ್ನು ಹೊರಗಿಟ್ಟರೆ, ಭೇದ ಮಾಡುವ ಉದ್ದೇಶ ಇಲ್ಲದಿದ್ದರೂ ಅದು ತಪ್ಪು. ಅಲ್ಲಿ ಪ್ರಶ್ನೆ ಬಂದದ್ದು ಹೈಸ್ಕೂಲ್ ಪಾಸಾಗಿರಬೇಕು ಎಂಬ ನಿಯಮದ ಬಗ್ಗೆ, ಕೆಲವು ಪರೀಕ್ಷೆಗಳ ಬಗ್ಗೆ. ಅಲ್ಲಿನ 1978ರ ಮಾರ್ಗಸೂಚಿಯಲ್ಲಿ ಐದರಲ್ಲಿ ನಾಲ್ಕು ಭಾಗದ ನಿಯಮ ಬಂತು: ಒಂದು ಗುಂಪಿನ ಆಯ್ಕೆಯ ದರ, ಅತಿ ಹೆಚ್ಚು ದರ ಇರುವ ಗುಂಪಿನ ಐದರಲ್ಲಿ ನಾಲ್ಕು ಭಾಗಕ್ಕಿಂತ (0.8) ಕಡಿಮೆ ಇದ್ದರೆ ಎಚ್ಚರ. ಲೆಕ್ಕ ಸುಲಭ. 60 ಗಂಡಸರಲ್ಲಿ 30 ಜನ ಆಯ್ಕೆ ಆದರು, ಶೇ. 50. 40 ಹೆಂಗಸರಲ್ಲಿ 12 ಜನ, ಶೇ. 30. 30ನ್ನು 50ರಿಂದ ಭಾಗಿಸಿದರೆ 0.6. 0.8ಕ್ಕಿಂತ ಕಡಿಮೆ ಬಂತು, ಹಾಗಾಗಿ ಯಾವ ಹಂತದಲ್ಲಿ ಹೆಂಗಸರು ಉದುರುತ್ತಿದ್ದಾರೆ ಎಂದು ಹುಡುಕಬೇಕು. ನೀವು ಯಾವ ದೇಶದಲ್ಲಿ ಕೆಲಸ ಮಾಡಿದರೂ ಈ ಲೆಕ್ಕ ಕೈಯಲ್ಲಿರಲಿ.

ಥಿಯರಿಗಳನ್ನು ಓದುವಾಗ

ಮಾಸ್ಲೋ, ಹರ್ಜ್‌ಬರ್ಗ್, ಮೆಕ್‌ಗ್ರೆಗರ್, ವ್ರೂಮ್, ಆಡಮ್ಸ್ ಎಂದು, ಜನ ಯಾಕೆ ಮನಸ್ಸಿಟ್ಟು ಕೆಲಸ ಮಾಡುತ್ತಾರೆ ಎಂದು ವಿವರಿಸಿದವರ ಹೆಸರುಗಳ ಸಾಲು ಬರುತ್ತದೆ. ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗುತ್ತದೆ, ಅಷ್ಟೇ. ನಾನು ಪ್ರತಿ ಥಿಯರಿಗೂ ಎರಡು ಪ್ರಶ್ನೆ ಹಾಕುತ್ತಿದ್ದೆ. ಇದನ್ನು ಯಾರನ್ನು ನೋಡಿ, ಹೇಗೆ ಕೇಳಿ ಕಂಡುಕೊಂಡರು? ಇದನ್ನು ನಂಬಿದರೆ ಬಿಲ್ಲಿಂಗ್ ಕೌಂಟರಿನಲ್ಲಿ ನಾಳೆ ಏನು ಬದಲಾಯಿಸಬೇಕು?

ಹರ್ಜ್‌ಬರ್ಗ್ ಅವರನ್ನೇ ತಗೊಳ್ಳಿ. 1959ರ ಅವರ ಅಧ್ಯಯನ ನಡೆದದ್ದು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳ ಮೇಲೆ. ಕೆಲಸದಲ್ಲಿ ತುಂಬಾ ಖುಷಿಯಾದ ಮತ್ತು ತುಂಬಾ ಬೇಸರವಾದ ಸಂದರ್ಭ ಹೇಳಿ ಎಂದು ಕೇಳಿದರು. ಖುಷಿಗೆ ಕಾರಣ ಸಾಧನೆ, ಮೆಚ್ಚುಗೆ. ಬೇಸರಕ್ಕೆ ಕಾರಣ ಕಂಪನಿಯ ನಿಯಮ, ಮೇಲಧಿಕಾರಿ. ಆದರೆ ಒಳ್ಳೆಯದಾದರೆ ನನ್ನಿಂದ, ಕೆಟ್ಟದಾದರೆ ಬೇರೆಯವರಿಂದ ಎನ್ನುವುದು ಮನುಷ್ಯರ ಸಹಜ ಗುಣ. ಆ ಫಲಿತಾಂಶದಲ್ಲಿ ಈ ಗುಣದ ಪಾಲು ಎಷ್ಟು ಎಂಬುದೇ ವಿಮರ್ಶಕರ ಪ್ರಶ್ನೆ. ಇದನ್ನು ಉತ್ತರಪತ್ರಿಕೆಯಲ್ಲಿ ಎರಡು ಸಾಲು ಬರೆದರೂ ನಿಮ್ಮ ಉತ್ತರ ಬೇರೆಯಾಗಿ ಕಾಣುತ್ತದೆ.

ಹಾಥಾರ್ನ್ ಪ್ರಯೋಗಗಳೂ ಹಾಗೆಯೇ. 1924ರಿಂದ 1932ರವರೆಗೆ ಷಿಕಾಗೋ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ, ಕೆಲಸದ ಪರಿಸ್ಥಿತಿ ಬದಲಾದರೆ ಉತ್ಪಾದನೆ ಹೇಗೆ ಬದಲಾಗುತ್ತದೆ ಎಂದು ನೋಡಲು ನಡೆದವು. "ಗಮನ ಕೊಟ್ಟರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ರಿಲೇ (ಟೆಲಿಫೋನ್ ಬಿಡಿಭಾಗ) ಜೋಡಿಸುವ ಕೋಣೆಯ ಆ ಸಣ್ಣ ಗುಂಪಿನಲ್ಲಿ ಮಧ್ಯದಲ್ಲೇ ಇಬ್ಬರು ಮಹಿಳೆಯರನ್ನು ಬದಲಾಯಿಸಿದ್ದರು. ಅವರ ಸಂಬಳದ ಪದ್ಧತಿಯೂ ಬದಲಾಗಿತ್ತು. ಹೆಚ್ಚಿದ ಉತ್ಪಾದನೆಗೆ ಯಾವುದು ಕಾರಣ ಎಂದು ಹೇಳುವುದು ಅಷ್ಟು ಸುಲಭ ಅಲ್ಲ. ಇನ್ನು ಮನುಷ್ಯರ ಅಗತ್ಯಗಳ ಬಗ್ಗೆ ಮಾಸ್ಲೋ ಬರೆದ 1943ರ ಲೇಖನದಲ್ಲಿ, ಪಠ್ಯಗಳಲ್ಲಿ ಅವರ ಹೆಸರಿನ ಜೊತೆ ಬರುವ ಪಿರಮಿಡ್ ಚಿತ್ರವೇ ಇಲ್ಲ. ಮೂಲ ಲೇಖನ ತೆರೆದು ನೋಡುವ ಅಭ್ಯಾಸ ಇದ್ದವರಿಗೆ ಇಂಥವು ಸಿಗುತ್ತವೆ. ಎಲ್ಲವನ್ನೂ ಓದಲಾಗದು, ಸೆಮಿಸ್ಟರ್‌ಗೆ ಮೂರು ನಾಲ್ಕು ಓದಿದರೂ ಸಾಕು.

ಅಪ್ರೈಸಲ್, ಟ್ರೈನಿಂಗ್

ಅಂಕ ಹಾಕುವವರ ಪಕ್ಷಪಾತಗಳ ಪಟ್ಟಿ ಎಲ್ಲ ಪಠ್ಯದಲ್ಲೂ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಮಾಡಿ ಕಲಿಯಬೇಕಾದದ್ದು ವರ್ತನೆಗೆ ಕಟ್ಟಿದ ಅಳತೆಪಟ್ಟಿ. 1963ರಲ್ಲಿ ಸ್ಮಿತ್ ಮತ್ತು ಕೆಂಡಲ್ ಇದನ್ನು ರೂಪಿಸಿದ್ದು ನರ್ಸ್‌ಗಳ ಕೆಲಸಕ್ಕೆ. ಹೆಡ್ ನರ್ಸ್‌ಗಳೇ ಒಳ್ಳೆಯ ಮತ್ತು ಕೆಟ್ಟ ಕೆಲಸದ ಉದಾಹರಣೆ ಕೊಟ್ಟರು. "ವಿನಯ: 4/5" ಎಂಬ ಅಂಕಕ್ಕಿಂತ "ಮೊತ್ತ ಹೇಳುವ ಮುಂಚೆ ಬಿಲ್ಲಿನ ಭಾಗಗಳನ್ನು ವಿವರಿಸುತ್ತಾರೆ" ಎಂಬ ವಾಕ್ಯ ಎಷ್ಟೋ ಮೇಲು. ಅದನ್ನು ಓದಿದವರಿಗೆ ನಾಳೆ ಏನು ಮಾಡಬೇಕು ಎಂದು ಗೊತ್ತಾಗುತ್ತದೆ. ನೀವು ಮೊದಲೇ ಸಂಗ್ರಹಿಸಿದ ಸಂದರ್ಭಗಳು ಇಲ್ಲಿ ನೇರವಾಗಿ ಬಳಕೆಗೆ ಬರುತ್ತವೆ.

ಫೀಡ್‌ಬ್ಯಾಕ್ ಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂದು ಸುಮ್ನೆ ನಂಬಬೇಡಿ. 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಲಾಭವೇನೋ ಕಂಡಿತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಂದರ್ಭಗಳಲ್ಲಿ ಫೀಡ್‌ಬ್ಯಾಕ್ ಆದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದಿಂದ ಜಾರಿ ವ್ಯಕ್ತಿಯ ಮೇಲೆ ಹೋದಷ್ಟೂ ಲಾಭ ಕಡಿಮೆ ಎಂಬುದು ಅವರ ವಿವರಣೆ.

ಟ್ರೈನಿಂಗ್ ವಿಷಯದಲ್ಲಿ ಕಿರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತ ಬರುತ್ತದೆ: ಇಷ್ಟ ಆಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಫಲ ಬಂತಾ. ಪ್ರಾಜೆಕ್ಟ್ ಮಾಡುವಾಗ ಮೂರನೇ ಹಂತಕ್ಕೆ ಹೋಗಲು ಪ್ರಯತ್ನಿಸಿ. ತರಬೇತಿ ಆದ ಕ್ಲರ್ಕ್‌ಗಳ ಬಿಲ್ಲಿನ ತಪ್ಪುಗಳನ್ನು ತರಬೇತಿ ಆಗದವರ ತಪ್ಪುಗಳ ಜೊತೆ ಹೋಲಿಸಿ.

ಸಂಬಳದ ಪಾಠ

ಇದು ನನ್ನ ಮನಸ್ಸಿಗೆ ಹತ್ತಿರದ ಪಾಠ. ಪೇರೋಲ್‌ನಲ್ಲಿದ್ದಾಗ ಒಬ್ಬ ನರ್ಸ್ ಸಂಬಳದ ಸ್ಲಿಪ್ ಹಿಡಿದು ಬಂದರು. ಅವರ ಕೈಯಲ್ಲಿ ಜೊತೆಯವರ ಸ್ಲಿಪ್ ಕೂಡ ಇತ್ತು. ಅವರು ಕೇಳಿದ್ದು "ನನಗೆ ಯಾಕೆ ಇಷ್ಟೇ?" ಅಂತ ಅಲ್ಲ, "ಅವರಿಗೆ ರಾತ್ರಿ ಪಾಳಿಯ ಭತ್ಯೆ ಇದೆ, ನನಗೆ ಯಾಕಿಲ್ಲ?" ಅಂತ. ಹಣ ಕಡಿಮೆ ಬಂದಿರಲಿಲ್ಲ. ಭತ್ಯೆ ಬೇರೆ ಹೆಸರಿನಡಿ ಸೇರಿಹೋಗಿತ್ತು, ಸ್ಲಿಪ್ ನೋಡಿದರೆ ಅದು ತಿಳಿಯುತ್ತಿರಲಿಲ್ಲ. ಆಮೇಲೆ ಕ್ಲಾಸಿನಲ್ಲಿ ಆಡಮ್ಸ್ ಅವರ ಸಮಾನತೆಯ ಥಿಯರಿ ಬಂದಾಗ ನನಗೆ ಹೊಸದಾಗಿ ಉದಾಹರಣೆ ಹುಡುಕಬೇಕಾಗಲಿಲ್ಲ. ಜನ ತಮ್ಮ ಸಂಬಳವನ್ನು ಪಕ್ಕದವರ ಸಂಬಳದ ಜೊತೆ, ಅವರ ದುಡಿಮೆಯ ಜೊತೆ ಇಟ್ಟು ನೋಡುತ್ತಾರೆ. ಎಷ್ಟು ಸಿಕ್ಕಿತು ಎಂಬ ನ್ಯಾಯ ಒಂದು. ಹೇಗೆ ನಿರ್ಧಾರ ಆಯಿತು ಎಂಬ ನ್ಯಾಯ ಇನ್ನೊಂದು. ಎರಡನೆಯದನ್ನು ಸರಿಪಡಿಸಲು ಎಷ್ಟೋ ಸಲ ದುಡ್ಡೇ ಬೇಕಾಗುವುದಿಲ್ಲ.

ಕಲಿಯಬೇಕಾದ ಲೆಕ್ಕಗಳು ಕಷ್ಟವಲ್ಲ. ಸರಾಸರಿ ಬೇರೆ, ಮೀಡಿಯನ್ (ಎಲ್ಲರನ್ನೂ ಕ್ರಮವಾಗಿ ನಿಲ್ಲಿಸಿದಾಗ ನಟ್ಟನಡುವಿನವರ ಅಂಕಿ) ಬೇರೆ. ಸಂಬಳದಲ್ಲಿ ಮೀಡಿಯನ್ ನೋಡಿ, ಯಾಕೆಂದರೆ ಒಂದಿಬ್ಬರ ದೊಡ್ಡ ಸಂಬಳ ಸರಾಸರಿಯನ್ನು ಮೇಲೆಳೆಯುತ್ತದೆ. ಕಾಂಪಾ ರೇಷಿಯೋ ಎಂದರೆ ಒಬ್ಬರ ಸಂಬಳವನ್ನು ಆ ಶ್ರೇಣಿಯ ಮಧ್ಯಬಿಂದುವಿನಿಂದ ಭಾಗಿಸಿ ನೂರರಿಂದ ಗುಣಿಸುವುದು. ಒಂದೇ ಶ್ರೇಣಿಯಲ್ಲಿ ಮೂವರಿಗೆ 82, 96, 104 ಬಂದಿದೆ ಎನ್ನಿ. 82 ಇರುವವರೇ ಅತಿ ಹಳಬರಾಗಿದ್ದರೆ? ಹೊಸಬರನ್ನು ಮಾರುಕಟ್ಟೆ ದರಕ್ಕೆ ತಂದು, ಹಳಬರಿಗೆ ವರ್ಷಕ್ಕೆ ಸ್ವಲ್ಪ ಸ್ವಲ್ಪ ಏರಿಸಿದ ಕಡೆ ಹೀಗಾಗುತ್ತದೆ. ಒಂದು ಎಕ್ಸೆಲ್ ಹಾಳೆಯಲ್ಲಿ ಮೂವತ್ತು ಕಾಲ್ಪನಿಕ ಕ್ಲರ್ಕ್‌ಗಳನ್ನು ಹಾಕಿ ಇದನ್ನು ಮಾಡಿ ನೋಡಿ. ಆಮೇಲೆ ಸರಿಪಡಿಸುವ ಯೋಜನೆ ಬರೆಯಿರಿ. ಒಟ್ಟು ಸಂಬಳ ವೆಚ್ಚ ಎಷ್ಟು ಏರುತ್ತದೆ ಎಂದೂ ಹೇಳಿ. ಇದೊಂದು ಅಭ್ಯಾಸಕ್ಕಾಗಿಯಾದರೂ ಫೈನಾನ್ಸ್ ಪೇಪರನ್ನು ಅಸಡ್ಡೆ ಮಾಡಬೇಡಿ. ಮೀಟಿಂಗಿನಲ್ಲಿ ವೆಚ್ಚದ ಪ್ರಶ್ನೆಗೆ ತಡಬಡಿಸುವ ಎಚ್‌ಆರ್‌ನವರ ಒಳ್ಳೆಯ ಪ್ರಸ್ತಾವ ಅಲ್ಲೇ ಬಿದ್ದುಹೋಗುತ್ತದೆ, ಅದರ ನಷ್ಟ ಕೆಲಸಗಾರರಿಗೆ.

ಕಾನೂನು

ಕಾನೂನು ದೇಶದಿಂದ ದೇಶಕ್ಕೆ ಬೇರೆ, ಬದಲಾಗುತ್ತಲೂ ಇರುತ್ತದೆ. ಸೆಕ್ಷನ್ ನಂಬರ್‌ಗಳಿಂದ ಶುರು ಮಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೂಲಭೂತ ತತ್ವಗಳಿಂದ ಶುರು ಮಾಡಿ: ಸಂಘ ಕಟ್ಟುವ ಮತ್ತು ಸಾಮೂಹಿಕ ಚೌಕಾಸಿಯ (ಕೆಲಸಗಾರರು ಒಟ್ಟಾಗಿ ಆಡಳಿತದ ಜೊತೆ ಮಾತುಕತೆ ನಡೆಸುವ) ಹಕ್ಕು, ಬಲವಂತದ ದುಡಿಮೆ ಇಲ್ಲದಿರುವುದು, ಬಾಲಕಾರ್ಮಿಕ ಪದ್ಧತಿ ಇಲ್ಲದಿರುವುದು, ಭೇದಭಾವ ಇಲ್ಲದಿರುವುದು. 2022ರಲ್ಲಿ ಇವುಗಳ ಜೊತೆ ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ವಾತಾವರಣವೂ ಸೇರಿತು. ಈ ಐದು ತಲೆಬರಹ ಹಾಕಿಕೊಂಡು, ನಿಮ್ಮ ದೇಶದ ಕಾನೂನು ಪ್ರತಿಯೊಂದಕ್ಕೂ ಏನು ಹೇಳುತ್ತದೆ ಎಂದು ತುಂಬಿಸುತ್ತಾ ಹೋಗಿ. ಕಾರ್ಮಿಕ ಸಂಘದ ಪಾಠವನ್ನು ಆಡಳಿತದ ಕಡೆಯಿಂದ ಮಾತ್ರ ಓದಬೇಡಿ. ಕ್ಲಾಸಿನಲ್ಲಿ ಚೌಕಾಸಿಯ ಅಣಕು ಮಾತುಕತೆ ಮಾಡಿಸಿದರೆ ಸಂಘದ ಪಾತ್ರ ಕೇಳಿ ತಗೊಳ್ಳಿ. ಜಾಸ್ತಿ ಕಲಿಯುವುದು ಅಲ್ಲೇ.

ಅಂಕಿಗಳ ಜೊತೆ ಕೆಲಸ

ವರ್ಷದಲ್ಲಿ ಸರಾಸರಿ 40 ಜನ ಇದ್ದ ಕೌಂಟರ್‌ಗಳಿಂದ 10 ಜನ ಬಿಟ್ಟರೆ ಅಟ್ರಿಷನ್ ಶೇ. 25. ಇಷ್ಟು ಹೇಳಿ ನಿಲ್ಲಿಸಬೇಡಿ. ಆ 10 ಜನರಲ್ಲಿ 8 ಜನ ಸೇರಿದ ಆರು ತಿಂಗಳೊಳಗೆ ಬಿಟ್ಟವರಾ? ಎಲ್ಲರೂ ಒಂದೇ ಪಾಳಿಯವರಾ? ಹಾಗಿದ್ದರೆ ಸಂಬಳ ಏರಿಸುವ ಮುಂಚೆ ನೇಮಕಾತಿಯಲ್ಲಿ ಏನು ಹೇಳಿ ಸೇರಿಸಿಕೊಂಡರು, ಪಾಳಿ ಹೇಗೆ ಹಂಚಿದರು ಎಂದು ನೋಡಬೇಕು.

ಕಾರಣ ಮತ್ತು ಸಂಬಂಧದ ವ್ಯತ್ಯಾಸವನ್ನು ಚೆನ್ನಾಗಿ ಕಲಿಯಿರಿ. 1995ರ ಹ್ಯೂಸೆಲಿಡ್ ಅವರ ಪ್ರಸಿದ್ಧ ಅಧ್ಯಯನದಲ್ಲಿ ಒಳ್ಳೆಯ ಎಚ್‌ಆರ್ ಪದ್ಧತಿ ಇದ್ದ ಕಂಪನಿಗಳಲ್ಲಿ ಅಟ್ರಿಷನ್ ಕಡಿಮೆ ಇತ್ತು, ಉತ್ಪಾದಕತೆ ಜಾಸ್ತಿ ಇತ್ತು. ಎಚ್‌ಆರ್‌ನಿಂದ ಲಾಭ ಬಂತೋ, ಲಾಭ ಇದ್ದ ಕಡೆ ಎಚ್‌ಆರ್‌ಗೆ ಖರ್ಚು ಮಾಡಿದರೋ? ಈ ಪ್ರಶ್ನೆ ಆಮೇಲೆ ಬಹಳ ಚರ್ಚೆಯಾಯಿತು, ಇಂದಿಗೂ ನಡೆಯುತ್ತಿದೆ. ನಮ್ಮ ಕ್ಷೇತ್ರದ ಮೇಲೆ ಪ್ರೀತಿ ಇರುವವರೇ ಈ ಪ್ರಶ್ನೆಯನ್ನು ಮೊದಲು ಕೇಳಬೇಕು.

ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಒಂದು ಪ್ರಕರಣ ಸಾಕು. ಅಮೆಜಾನ್ ಕಂಪನಿ ರೆಸ್ಯೂಮೆಗಳಿಗೆ ಅಂಕ ಹಾಕುವ ಒಂದು ಸಾಧನ ತಯಾರಿಸಿ ಆಮೇಲೆ ಕೈಬಿಟ್ಟಿತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಹಿಂದಿನ ಹತ್ತು ವರ್ಷದ ರೆಸ್ಯೂಮೆಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಹಾಗಾಗಿ ಹೆಂಗಸರದ್ದು ಎಂದು ಸೂಚಿಸುವ ಪದಗಳಿದ್ದ ರೆಸ್ಯೂಮೆಗಳ ಅಂಕ ಇಳಿಯಿತು. ಯುರೋಪಿಯನ್ ಒಕ್ಕೂಟದ 2024ರ ಕಾನೂನು ನೇಮಕಾತಿಯಲ್ಲಿ ಬಳಸುವ ಇಂಥ ಸಾಧನಗಳನ್ನು ಹೆಚ್ಚಿನ ಅಪಾಯದ ಗುಂಪಿಗೆ ಸೇರಿಸಿದೆ. ಯಾವುದೇ ಸಾಧನ ಕಂಡರೂ ಆ ಐದರಲ್ಲಿ ನಾಲ್ಕು ಭಾಗದ ಲೆಕ್ಕ ಮಾಡಿ ನೋಡಿ.

ಇಂಟರ್ನ್‌ಶಿಪ್ ಮತ್ತು ಫೈಲು

ಇಂಟರ್ನ್‌ಶಿಪ್‌ನಲ್ಲಿ ರೆಸ್ಯೂಮೆ ಜರಡಿ ಹಿಡಿಯುವ ಕೆಲಸವನ್ನೇ ಕೊಡುತ್ತಾರೆ. ಮಾಡಿ, ಆದರೆ ಮೊದಲ ವಾರದಲ್ಲೇ ಎರಡು ವಿಷಯ ಕೇಳಿಕೊಳ್ಳಿ: ಒಂದು ತಿಂಗಳ ಪೇರೋಲ್ ಶುರುವಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ ಎಂದು ಪಕ್ಕದಲ್ಲಿ ಕುಳಿತು ನೋಡಲು, ಒಂದು ದೂರು ಬಂದಾಗ ಅದು ಯಾವ ಯಾವ ಟೇಬಲ್ ದಾಟುತ್ತದೆ ಎಂದು ತಿಳಿಯಲು. ಹೆಸರು, ಸಂಬಳ, ಆರೋಗ್ಯದ ವಿವರ ಇರುವ ಕಾಗದವನ್ನು ಫೋಟೋ ತೆಗೆಯಬೇಡಿ, ಹೊರಗೆ ಒಯ್ಯಬೇಡಿ.

ಕೋರ್ಸ್ ಮುಗಿಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ಫೈಲು ಇರುತ್ತದೆ: ಒಂದು ಕೆಲಸದ ವಿವರ, ಇಂಟರ್‌ವ್ಯೂ ಪ್ರಶ್ನೆ ಮತ್ತು ಅಂಕದ ಹಾಳೆ, ಅಳತೆಪಟ್ಟಿ, ಸಂಬಳದ ಎಕ್ಸೆಲ್ ಹಾಳೆ, ಕಾನೂನಿನ ಐದು ಪುಟ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ "ಎಚ್‌ಆರ್ ಯಾಕೆ?" ಎಂದರೆ ಇದನ್ನು ತೆರೆದು ಮಾತಾಡಿ. ಒಯ್ಯುವ ಮುಂಚೆ ನಿಮಗೆ ಮಾತು ಕೊಟ್ಟ ಕೆಲಸಗಾರರ ಗುರುತು ಎಲ್ಲೂ ಉಳಿದಿಲ್ಲ ಎಂದು ಒಂದೊಂದು ಪುಟವನ್ನೂ ನೋಡಿ. ಅವರಲ್ಲಿ ಒಬ್ಬರಿಗಾದರೂ ಫೈಲು ತೋರಿಸಿ, ತಮ್ಮ ಕೆಲಸವನ್ನು ನೀವು ಸರಿಯಾಗಿ ಬರೆದಿದ್ದೀರಾ ಎಂದು ಕೇಳಿ. ಅವರು ಹೇಳಿದ ತಿದ್ದುಪಡಿಗಳನ್ನು ಪ್ಲೇಸ್‌ಮೆಂಟ್ ಶುರುವಾಗುವ ಮುಂಚೆಯೇ ಸೇರಿಸಿ.